ಬಸವನ ಹಿಂದಿನ ಗಂಟು

೬ ಆಗಸ್ಟ್ ೨೦೦೮, ಬುಧವಾರ

ಇವತ್ತು ಮೂಡಿಗೆರೆಯಲ್ಲಿ ಪೊಲೀಸರ ಸಭೆ. ದೇವಸ್ಥಾನ, ಮಸೀದಿ, ಚರ್ಚುಗಳ ಆಡಳಿತದವರೆಲ್ಲ ಬರಬೇಕೆಂದು ನೋಟೀಸು ಬಂದಿತ್ತು. ನಮ್ಮ ಹಡ್ಲುಮನೆ ಮಲ್ಲೇಶ್ವರನ ಪರವಾಗಿ ನಾನು ಹೋದೆ. ಸಮಿತಿಯ ಗಂಡಸರಿಗೆ ಯಾವತ್ತೂ ತೋಟದ ಕೆಲಸ. "ಶಿವಗಂಗಮ್ಮನವ್ರಿಗೆ ಬಾಯಿ ಇದೆ, ಅವ್ರೇ ಅಧ್ಯಕ್ಷರಾಗ್ಲಿ" ಎಂದು ನನ್ನ ತಲೆಗೆ ಕಟ್ಟಿ ಕೈತೊಳೆದುಕೊಂಡ ಮಹಾನುಭಾವರು ಅವರು.

ಬೆಂಗಳೂರಿನಲ್ಲಿ ಸಾಲಾಗಿ ಬಾಂಬು ಸಿಡಿದ ಮೇಲೆ ಎಲ್ಲರೂ ಎಚ್ಚೆತ್ತಿದ್ದಾರೆ. ಸಬ್ ಇನ್‌ಸ್ಪೆಕ್ಟರು ಚಿಕ್ಕ ಹುಡುಗ, ಮೀಸೆ ಈಗಷ್ಟೇ ಮಾತು ಕೇಳಲು ಕಲಿಯುತ್ತಿದೆ. ಒಂದೊಂದಾಗಿ ಓದಿ ಹೇಳಿದ. ಪೂಜೆ ಇಲ್ಲದ ಹೊತ್ತಿನಲ್ಲಿ ಗೇಟಿಗೆ ಬೀಗ ಇರಬೇಕು, ಕೀಲಿ ಯಾರ ಹತ್ತಿರ ಇದೆಯೆಂದು ಗೊತ್ತಿರಬೇಕು. ಬಂದವರ ಚೀಲ ತಪಾಸಣೆ ಆಗಬೇಕು. ವಾರಸುದಾರರಿಲ್ಲದ ವಸ್ತು ಕಂಡರೆ ಮುಟ್ಟದೆ ಠಾಣೆಗೆ ಫೋನು ಮಾಡಬೇಕು. ಲೋಪವಾದರೆ ಮೊದಲ ಕೇಸು ಅಧ್ಯಕ್ಷರ ಮೇಲೆ. ಇಷ್ಟಕ್ಕೂ ಒಪ್ಪಿ ಮುಚ್ಚಳಿಕೆಗೆ ಸಹಿ ಹಾಕಿ, ಬೋಂಡ ತಿಂದು ಬಂದೆ. ಪಕ್ಕದಲ್ಲಿದ್ದ ಚರ್ಚಿನ ಹಿರಿಯರು, "ನಮ್ಮಲ್ಲಿ ಭಾನುವಾರ ಬರೋದೇ ನಾಲ್ಕು ಮನೆಯವ್ರು. ಎಲ್ರ ಚೀಲದಲ್ಲೂ ಮೀನೇ. ಎಂತ ತಪಾಸಣೆ ಮಾಡುದು?" ಎಂದು ಕಿವಿಯಲ್ಲಿ ಹೇಳಿ ನನ್ನನ್ನು ನಗಿಸಿದರು.

ಮನೆಗೆ ಬಂದು ಇವರಿಗೆ ಹೇಳಿದೆ. ಇವರೂ ನಕ್ಕರು. "ನಮ್ಮ ಮಲ್ಲೇಶ್ವರನ ತನಕ ಬರ್ಲಿಕ್ಕೆ ಬಾಂಬಿನವ್ರಿಗೂ ಜೀಪೇ ಬೇಕು ಮಾರಾಯ್ತಿ. ಬಾಳೂರಿಂದ ಈಚೆ ರಸ್ತೆ ನೋಡಿದ್ರೆ ಅಲ್ಲಿಂದ್ಲೇ ವಾಪಸ್ ಹೋಗ್ತಾರೆ."

ಸಹಿ ಮಾತ್ರ ನನ್ನದು. ಅದೊಂದು ಮನಸ್ಸಿನಲ್ಲಿ ಕೂತಿದೆ.

೩೦ ಆಗಸ್ಟ್, ಶನಿವಾರ, ಅಮಾವಾಸ್ಯೆ

ಚಿಕ್ಕಮಗಳೂರಿನಿಂದ ಮೆಷಿನ್ ಬಂತು. ಮೆಟಲ್ ಡಿಟೆಕ್ಟರ್ ಅಂತ ಅದರ ಹೆಸರು. ಕೈಯಲ್ಲಿ ಹಿಡಿದು ಮೈಮೇಲೆ ಆಡಿಸಿದರೆ ಕಬ್ಬಿಣ, ಬೆಳ್ಳಿ ಏನಿದ್ದರೂ ಕಿರುಚುತ್ತದೆ. ಮೊದಲು ಅರ್ಚಕ ಶಿವಯ್ಯನವರ ಮೇಲೆ ಪ್ರಯೋಗ. ಎದೆಯ ಹತ್ತಿರ ಹೋಗುತ್ತಲೇ ಕುಂಯ್ ಎಂದಿತು. ಕೊರಳಲ್ಲಿ ಕಟ್ಟಿದ, ಲಿಂಗ ಇಡುವ ಬೆಳ್ಳಿಯ ಕರಡಿಗೆ! ಲಿಂಗ ಕಟ್ಟಿದವರೆಲ್ಲ ಇನ್ನು ಇದರ ಲೆಕ್ಕದಲ್ಲಿ ಅನುಮಾನಾಸ್ಪದರು. ಶಿವಯ್ಯನವರು ಮುಖ ಸಿಂಡರಿಸಿಕೊಂಡರು, ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಳೆಗೆ ಕೈ ಒದ್ದೆಯಾಗಿ ಮೆಷಿನ್ನಿನ ಹಿಡಿ ಜಾರುತ್ತದೆಂದು ನನ್ನ ಹಳೆಯ ಸೀರೆಯ ಹಸಿರು ಅಂಚು ಹರಿದು ಸುತ್ತಿದ್ದೇನೆ.

ಅಮಾವಾಸ್ಯೆಯಾದ್ದರಿಂದ ಬಸವನ ಹಿಂದೆ ಇಟ್ಟದ್ದನ್ನು ಶಿವಯ್ಯನವರು ಬಿಚ್ಚಿದರು. ಇದನ್ನು ಪೊಲೀಸರು ಕೇಳಿದರೆ ಏನು ಹೇಳುವುದೆಂದು ಮನಸ್ಸಿನಲ್ಲೇ ಉತ್ತರ ಕಟ್ಟಿ ನೋಡಿದೆ. ಸಾರ್, ಇದು ಬಾಯಿಕಟ್ಟು ಹರಕೆ. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ, ಅವರು ದಿನಾ ಮುಟ್ಟುವ ವಸ್ತು ಒಂದನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಯಾರಿಗೂ ಕಾಣದ ಹಾಗೆ ಬಸವನ ಹಿಂದೆ ಇಡುತ್ತಾರೆ. ಅಮಾವಾಸ್ಯೆಗೆ ಬಿಚ್ಚಿ, ವಿಭೂತಿ ಹಚ್ಚಿ ವಾಪಸು ಕೊಡುತ್ತೇವೆ. ಅಲ್ಲಿಯವರೆಗೆ ಇಟ್ಟವರು ಆ ಬಗ್ಗೆ ಒಂದು ಮಾತೂ ಆಡುವಂತಿಲ್ಲ, ನಾವೂ ಯಾರದೆಂದು ಕೇಳುವಂತಿಲ್ಲ. ಆಡಿದರೆ ಹರಕೆ ತಿರುಗಿ ಕಾಯಿಲೆಯವರಿಗೇ ಬಡಿಯುತ್ತದೆ. ಹೀಗೆ ಹೇಳಿದರೆ ಆ ಹುಡುಗ ನನ್ನನ್ನು ಏನೆಂದುಕೊಂಡಾನು?

ಈ ಸಲ ಒಂದೇ ಗಂಟು. ಒಳಗೆ ಎಲೆಯಡಿಕೆ ಚೀಲ. ಅಂಗಳ ಗುಡಿಸುವ ಪಾಪಮ್ಮ ಮುಂದೆ ಬಂದು ತೆಗೆದುಕೊಂಡಳು. ಅವಳ ಗಂಡನ ಕಾಮಾಲೆ ಇಳಿದಿದೆಯಂತೆ.

೧೪ ಸೆಪ್ಟೆಂಬರ್, ಭಾನುವಾರ

ಡೆಲ್ಲಿಯಲ್ಲೂ ಬಾಂಬು. ಕಸದ ಬುಟ್ಟಿಯಲ್ಲಿ ಇಟ್ಟಿದ್ದರಂತೆ.

ದೇವಸ್ಥಾನದ ಹೂವಿನ ಕಸದ ಬುಟ್ಟಿ ತೆಗೆಸಿದೆ.

೩ ನವೆಂಬರ್, ಸೋಮವಾರ

ಕಾರ್ತಿಕದ ಮೊದಲ ಸೋಮವಾರ. ದೀಪಕ್ಕೆ ಜನ ಬಂದಿದ್ದರು. ಕಾಫಿ ಹಣ್ಣು ಕೊಯ್ಯಲು ಬಯಲುಸೀಮೆಯಿಂದ ಬಂದ ಆಳುಗಳೂ ಇದ್ದರು. ಅವರೆಲ್ಲ ಕೆಲಸಕ್ಕೆ ಹೋಗುವಾಗ ಬುತ್ತಿ, ಕಂಬಳಿಯ ಗಂಟುಗಳನ್ನು ದೇವಸ್ಥಾನದ ಜಗಲಿಯ ಮೇಲೆ ಇಟ್ಟು ಹೋಗುವುದು ಮಾವನವರ ಕಾಲದಿಂದ ಬಂದದ್ದು. ನಾನು ಬೇಡವೆಂದೆ. ಯಾರ ಗಂಟಿನಲ್ಲಿ ಏನಿದೆಯೆಂದು ಯಾರು ಬಲ್ಲರು? ಅವರ ಮುಖ ಇವತ್ತು ನೋಡಿದ್ದು, ಸಂಕ್ರಾಂತಿ ಕಳೆದ ಮೇಲೆ ಮತ್ತೆ ನೋಡುವುದಿಲ್ಲ. ಪಾಪಮ್ಮ ಅವರ ಪರ ವಹಿಸಿಕೊಂಡು ಬಂದಳು.

"ಮಂಜಿಗೆ ಬುತ್ತಿ ನೆನೀತದೆ ಅಮ್ಮಾರೆ. ಮರದಡಿ ಇಟ್ರೆ ಮಂಗ ಬಿಡ್ತದಾ?"

"ಮಂಗ ತಿಂದ್ರೆ ಬುತ್ತಿ ಹೋಗ್ತದೆ. ಬಾಂಬ್ ಇದ್ರೆ ನೀನೂ ಹೋಗ್ತಿ" ಎಂದೆ. ಅವಳು ಪೊರಕೆ ಅಲ್ಲೇ ಬಿಟ್ಟು ಹೋದಳು. ಹೋಗಲಿ, ಕೋಪ ಇಳಿದ ಮೇಲೆ ಬರುತ್ತಾಳೆ.

ಬಾಯಿಕಟ್ಟು ಹರಕೆಯನ್ನೂ ನಿಲ್ಲಿಸಿದ್ದೇನೆ. "ಪ್ರಾಕಾರದಲ್ಲಿ ಗಂಟು ಇಡುವುದನ್ನು ನಿಷೇಧಿಸಿದೆ" ಎಂದು ಬೋರ್ಡು ಹಾಕಿಸಿದೆ. ಶಿವಯ್ಯನವರು ಬೋರ್ಡನ್ನು ಎರಡು ಸಲ ಓದಿದರು. "ಕಾಯಿಲೆಯವ್ರು ಎಲ್ಲಿಗೆ ಹೋಗ್ಬೇಕು ಅಮ್ಮ?" ಎಂದರು. ಆಸ್ಪತ್ರೆಗೆ, ಎಂದೆ. ತಪ್ಪೇನು ಹೇಳಿದೆ? ಗೇಟಿನ ಕೀಲಿ ಈಗ ಎರಡೇ, ಒಂದು ಅವರ ಹತ್ತಿರ, ಇನ್ನೊಂದು ನಮ್ಮ ಮನೆಯ ದೇವರ ಗೂಡಿನ ಪಕ್ಕದ ಮೊಳೆಯಲ್ಲಿ. ಮೆಷಿನ್ನೂ ಅಲ್ಲೇ ನೇತುಹಾಕುತ್ತೇನೆ.

ಬಳೆಗಳು ಸಡಿಲವಾಗಿವೆ, ಮೊಣಕೈವರೆಗೆ ಜಾರುತ್ತವೆ. "ಒಂದ್ಸಲ ಡಾಕ್ಟ್ರ ಹತ್ರ ಹೋಗಿ ಬರುವ ಗಂಗಾ" ಎಂದರು ಇವರು. ನನಗೇನಾಗಿದೆ? ಕೆಲಸ ಜಾಸ್ತಿಯಾಗಿದೆ, ಅಷ್ಟೇ.

೨೮ ನವೆಂಬರ್, ಶುಕ್ರವಾರ

ಮುಂಬೈ. ಟಿವಿ ಆರಿಸಲು ಆಗುತ್ತಿಲ್ಲ.

ಬೆನ್ನಿಗೆ ಚೀಲ ಹಾಕಿಕೊಂಡಿದ್ದ ಹುಡುಗರು. ನಮ್ಮ ದೇವರಮನೆ ಗುಡ್ಡ ನೋಡಲು ಭಾನುವಾರ ಬರುತ್ತಾರಲ್ಲ, ಹಾಗೇ ಇದ್ದಾರೆ. ಅದೇ ವಯಸ್ಸು, ಅದೇ ಚೀಲ.

೧ ಡಿಸೆಂಬರ್, ಸೋಮವಾರ

ಅಕ್ಕ ಮುತ್ತಮ್ಮ ಕಳಸದಿಂದ ಬಂದಿದ್ದಳು. ಬಸ್ಸಿಳಿದು ನೇರ ದೇವಸ್ಥಾನಕ್ಕೇ ಬಂದಳು. ಕೈಯಲ್ಲಿ ದೊಡ್ಡ ಸ್ಟೀಲ್ ಡಬ್ಬಿ, ಮುಚ್ಚಳಕ್ಕೆ ಬಟ್ಟೆ ಬಿಗಿದಿತ್ತು. ಗೇಟಿನಲ್ಲಿ ಬಿಚ್ಚಿಸಿದೆ. ಕಡುಬು. ಕೆಳಗೆ ಏನಿದೆಯೆಂದು ಸೌಟು ಹಾಕಿ ನೋಡಿದೆ.

"ಮುತ್ತಮ್ಮನ ಕಡುಬಿನಲ್ಲಿ ಎಂತ ಹುಡುಕ್ತಿ ನೀನು?" ಎಂದಳು ಅಕ್ಕ. ನಗುತ್ತಲೇ ಕೇಳಿದಳು ಎಂದುಕೊಂಡಿದ್ದೆ. ಅವಳ ಮೇಲೆ ಮೆಷಿನ್ ಆಡಿಸಿ ಮುಗಿಸುವಷ್ಟರಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಮಂಗಳಾರತಿಗೂ ನಿಲ್ಲದೆ ಅದೇ ಬಸ್ಸಿಗೆ ವಾಪಸು ಹೊರಟಳು. ಇವರು ಅವಳನ್ನು ಬಾಳೂರಿನವರೆಗೆ ಜೀಪಿನಲ್ಲಿ ಬಿಟ್ಟು ಬಂದು, ನೇರ ತೋಟಕ್ಕೆ ಹೋಗಿಬಿಟ್ಟರು. ನಿಯಮ ಎಂದರೆ ನಿಯಮ. ಅಕ್ಕನನ್ನು ಬಿಟ್ಟರೆ ನಾಳೆ ಇನ್ನೊಬ್ಬರ ಅಕ್ಕನನ್ನೂ ಬಿಡಬೇಕು. ಇದು ಯಾರಿಗೂ ಅರ್ಥವಾಗುವುದಿಲ್ಲ.

ಕಡುಬು ಹಾಗೇ ಇದೆ. ತಿನ್ನಲು ಮನಸ್ಸು ಬರಲಿಲ್ಲ. ಮನೆಗೆ ಹಾಲು ತರುವವನ ಕ್ಯಾನಿನ ಮೇಲೂ ಇವತ್ತಿನಿಂದ ಮೆಷಿನ್ ಆಡಿಸುತ್ತಿದ್ದೇನೆ.

೧೦ ಡಿಸೆಂಬರ್, ಬುಧವಾರ

ನಡೆದದ್ದೆಲ್ಲ ಬರೆಯಬೇಕು, ನಾಳೆ ಪೊಲೀಸರು ಕೇಳಿದರೆ ಒಂದೂ ತಪ್ಪಬಾರದು.

ಬೆಳಿಗ್ಗೆ ಎದ್ದು ನೋಡಿದರೆ ಮೊಳೆಯಲ್ಲಿ ಮೆಷಿನ್ ಇಲ್ಲ. ಕೀಲಿ ಇತ್ತು. ಇಡೀ ಮನೆ ಹುಡುಕಿದೆ. ಇವರನ್ನು ಕೇಳೋಣವೆಂದರೆ ಆಗಲೇ ಗುಡ್ಡದಾಚೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಯಾರ್ಡಿಗೆ ಹೋಗಿಬಿಟ್ಟಿದ್ದರು. ಅಷ್ಟರಲ್ಲಿ ಶಿವಯ್ಯನವರು ಅಂಗಳದಲ್ಲಿ ನಿಂತು ಕರೆದರು. ಬಸವನ ಹಿಂದೆ ಗಂಟು ಇದೆ ಎಂದರು.

ಬೋರ್ಡು ಹಾಕಿದ ಮೇಲೆ ಒಬ್ಬರೂ ಇಟ್ಟಿರಲಿಲ್ಲ. ಮೆಷಿನ್ ಕದ್ದವನೇ ಗಂಟು ಇಟ್ಟಿದ್ದಾನೆ! ತಪಾಸಣೆ ಆಗಬಾರದೆಂದೇ ಕದ್ದಿದ್ದಾನೆ! ಹೀಗೆ ನಾನು ಗಟ್ಟಿಯಾಗಿ ಕೂಗಿದೆನಂತೆ, ನನಗೆ ನೆನಪಿಲ್ಲ. "ಹರಕೆಯೇ ಇರ್ಬೌದು ಅಮ್ಮ, ಅಮಾವಾಸ್ಯೆ ತನಕ ಬಿಡುವ" ಎಂದು ಶಿವಯ್ಯನವರು ಕೈಮುಗಿದರು. ನಾನು ಠಾಣೆಗೆ ಫೋನು ಮಾಡಿದೆ.

ಸಬ್ ಇನ್‌ಸ್ಪೆಕ್ಟರ್ ಬಂದ. ಆಮೇಲೆ ಜಿಲ್ಲೆಯಿಂದ ಬಾಂಬಿನ ದಳದ ವ್ಯಾನು ಬಂತು. ಕೊಯ್ಲಿನ ಆಳುಗಳನ್ನೆಲ್ಲ ತೋಟದಿಂದ ಇಳಿಸಿ ದೂರ ಕಳಿಸಿದರು. ನಾಯಿ ಮೂಸಿ ಸುಮ್ಮನಾಯಿತು. ಅವರ ಮೆಷಿನ್ ಮಾತ್ರ ಕಿರುಚಿತು. ಒಳಗಿನದನ್ನು ತೋರಿಸುವ ಪೆಟ್ಟಿಗೆಯೊಂದನ್ನು ಇಟ್ಟು ನೋಡಿ, "ಬ್ಯಾಟರಿ ಇದೆ, ತಂತಿಯ ಸುರುಳಿ ಇದೆ, ಸ್ವಿಚ್ಚೂ ಇದೆ" ಎಂದರು. ಪಾಪಮ್ಮ ಎಲ್ಲಿದ್ದಳೋ, ಓಡಿ ಬಂದು ನನ್ನನ್ನು ಹಿಡಿದುಕೊಂಡಳು.

ಉದ್ದನೆಯ ಕೋಲಿನ ತುದಿಯಲ್ಲಿ ಗಂಟನ್ನು ಎತ್ತಿ, ಕೆಳಗಿನ ಕೊಯ್ದ ಗದ್ದೆಗೆ ಒಯ್ದು, ಸುತ್ತ ಮರಳಿನ ಮೂಟೆ ಇಟ್ಟು ಸಿಡಿಸಿದರು. ಆ ಸದ್ದು! ಗುಡ್ಡದಿಂದ ಗುಡ್ಡಕ್ಕೆ ಬಡಿದು ಬಂತು. ಗರ್ಭಗುಡಿಯ ಗಂಟೆ ತಾನೇ ಅಲುಗಿತು.

ಸದ್ದಿಗೆ ಇವರು ಯಾರ್ಡಿನಿಂದ ಓಡಿ ಬಂದರು. ಗದ್ದೆಯ ಹೊಗೆ ನೋಡಿದರು. ಬಸವನ ಹಿಂದೆ ನೋಡಿದರು. ಹಾಗೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಸಬ್ ಇನ್‌ಸ್ಪೆಕ್ಟರ್ ನನ್ನ ಹೇಳಿಕೆ ತೆಗೆದುಕೊಂಡ. ಬೀಗ ಒಡೆದಿಲ್ಲ, ಕೀಲಿ ಎರಡೇ ಎಂದೆ. ಶಿವಯ್ಯನವರು ನಿನ್ನೆ ಬಾಗಿಲು ಹಾಕಿ ಮಗಳ ಮನೆಗೆ ಹೋಗಿ ಬೆಳಿಗ್ಗೆ ಬಂದವರು. "ನಿಮ್ಮ ಕೀ?" ಎಂದು ಕೇಳಿದ. "ನನ್ನ ಕೀ ನಮ್ಮ ಮನೆಯವರ ಕೈ ಬಿಟ್ಟು ಎಲ್ಲಿಗೂ ಹೋಗಲ್ಲ" ಎಂದು ಹೆಮ್ಮೆಯಿಂದಲೇ ಹೇಳಿದೆ. ಹೇಳಿದ ಮೇಲೆ ಅದರ ಅರ್ಥ ನನಗೇ ಹೊಳೆಯಿತು. ಎಲ್ಲರೂ ಮೆಟ್ಟಿಲ ಕಡೆ ತಿರುಗಿದರು.

"ರುದ್ರಪ್ಪನೋರೆ, ಗಂಟು ನೀವು ಇಟ್ಟಿದ್ದಾ?"

ಇವರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

"ಅದು ಹರಕೆ ಸಾರ್. ಅವ್ರು ಬಾಯಿ ಬಿಡೂ ಹಾಗಿಲ್ಲ" ಎಂದರು ಶಿವಯ್ಯ.

"ಹರಕೆ ಗಂಟಿನಲ್ಲಿ ಬ್ಯಾಟರಿ, ವೈರು ಯಾಕೆ ಸ್ವಾಮಿ?"

ವಿಚಾರಣೆಗೆ ಎಂದು ಇವರನ್ನು ಜೀಪಿನಲ್ಲಿ ಕೂರಿಸಿದರು. ಕೈ ಹಿಡಿದು ಮರ್ಯಾದೆಯಿಂದಲೇ ಹತ್ತಿಸಿದರು. ನಾನು ಜೀಪಿನ ಹಿಂದೆ ಓಡಿದೆ. "ರೀ, ಹೇಳ್ರೀ, ಎಂತ ಇತ್ತು ಹೇಳ್ರೀ!" ಇವರು ನನ್ನ ಮುಖ ನೋಡಿದರು, ತುಟಿ ಬಿಗಿಹಿಡಿದೇ ಇದ್ದರು.

೧೧ ಡಿಸೆಂಬರ್, ಗುರುವಾರ

ಇವರನ್ನು ಬಿಟ್ಟಿಲ್ಲ. ತುಂಡುಗಳನ್ನು ಪರೀಕ್ಷೆ ಮಾಡುತ್ತಿದ್ದಾರಂತೆ. ಅಲ್ಲಿಯವರೆಗೆ ಇವರು ಬಾಯಿ ಬಿಡದಿದ್ದರೆ ಕೋರ್ಟಿಗೆ ಹಾಜರುಪಡಿಸಬೇಕಾಗುತ್ತದೆ ಎಂದು ಫೋನಿನಲ್ಲಿ ಹೇಳಿದರು.

ಬೆಳಿಗ್ಗೆಯಿಂದ ಇವರ ಟ್ರಂಕು, ಬೀರು, ಮೇಜಿನ ಡ್ರಾಯರು ಎಲ್ಲ ಜಾಲಾಡಿದೆ. ಕಂಬಳಿ ಕೋಟಿನ ಅಸ್ತರಿ ಬಿಚ್ಚಿ ನೋಡಿದೆ. ಪಂಪಿನ ಸ್ಪ್ಯಾನರು, ಹಳೆಯ ಟಾರ್ಚು, ನಮ್ಮ ಮದುವೆಯ ಫೋಟೊ. ಮನುಷ್ಯನ ಒಳಗೆ ಏನಿರುತ್ತದೆಂದು ಹೇಗೆ ಹೇಳುವುದು? ಟಿವಿಯಲ್ಲಿ ತೋರಿಸುವವರ ಮನೆಯವರೂ ಹೀಗೇ ಹೇಳುತ್ತಾರೆ, ಬಹಳ ಒಳ್ಳೆಯವರು, ಯಾರ ಜೊತೆಗೂ ಜಗಳ ಇಲ್ಲ ಎಂದು. ಇವರೂ ಹಾಗೇ. ಕೆಲವು ದಿನದಿಂದ ಬೇಗ ಏಳುತ್ತಿದ್ದರು. ಬಾಳೂರು ಅಂಗಡಿಯಿಂದ ಬಿಳಿ ಬಟ್ಟೆ ತಂದಿದ್ದರು, ಯಾಕೆಂದು ಕೇಳಿದ್ದಕ್ಕೆ ಮಾತು ಮರೆಸಿದ್ದರು. ಇದನ್ನೆಲ್ಲ ಸಬ್ ಇನ್‌ಸ್ಪೆಕ್ಟರಿಗೆ ಹೇಳಬೇಕೋ ಬೇಡವೋ? ಮುಚ್ಚಳಿಕೆಯಲ್ಲಿ ಏನನ್ನೂ ಮುಚ್ಚಿಡುವುದಿಲ್ಲ ಎಂದಿದೆ.

ಪಾಪಮ್ಮ ಗಂಜಿ ತಂದಿಟ್ಟು ಹೋದಳು. "ಅಯ್ಯನೋರು ಯಾರಿಗೆ ಕೇಡು ಮಾಡಿಯಾರು ಅಮ್ಮಾರೆ?" ಎಂದು ಅತ್ತಳು. ಇವಳಿಗೆ ಇಷ್ಟು ಕಣ್ಣೀರು ಯಾಕೆ ಎಂದೂ ಒಂದು ಕ್ಷಣ ಅನ್ನಿಸಿತು.

ಟ್ರಂಕಿನ ತಳಕ್ಕೆ ಮೆಷಿನ್ ಆಡಿಸಿ ನೋಡೋಣವೆಂದು ಎದ್ದು ಮೊಳೆಯ ಹತ್ತಿರ ಹೋಗಿ ಕೈ ಚಾಚಿದೆ. ಅಲ್ಲಿ ಇಲ್ಲವೆಂಬುದೇ ಮರೆತುಹೋಗಿತ್ತು. ದಿನಾ ಮುಟ್ಟಿ ಮುಟ್ಟಿ ಕೈಗೆ ಅಷ್ಟು ಅಭ್ಯಾಸವಾಗಿಬಿಟ್ಟಿದೆ.

೧೨ ಡಿಸೆಂಬರ್, ಶುಕ್ರವಾರ

ಬೆಳಿಗ್ಗೆ ಠಾಣೆಯಿಂದ ಕರೆ ಬಂತು. ಇವರ ಅಂಗಿ, ಟವೆಲು, ಬಿ.ಪಿ. ಮಾತ್ರೆಗಳನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಶಿವಯ್ಯನವರೂ ಬಂದರು.

ಸಬ್ ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಪೇಪರು ಹಾಸಿ ತುಂಡುಗಳನ್ನು ಹರಡಿದ್ದ. ಸ್ಫೋಟಕ ಏನೂ ಸಿಕ್ಕಿಲ್ಲ ಎಂದ. ಕರಿ ಪ್ಲಾಸ್ಟಿಕ್ಕು, ಹರಿದ ತಂತಿ, ಒಡೆದ ಬ್ಯಾಟರಿ. "ನಿಮ್ಮ ಮೆಷಿನ್ ಕಳುವಾಗಿದೆ ಅಂದಿದ್ರಲ್ಲ ಅಮ್ಮ, ಇದೇನಾ ನೋಡಿ ಹೇಳಿ." ಅಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಪ್ಲಾಸ್ಟಿಕ್ಕಿನ ಒಂದು ಚೂರಿಗೆ ಬಟ್ಟೆ ಕರಗಿ ಅಂಟಿಕೊಂಡಿತ್ತು. ಹಸಿರು. ನನ್ನ ಸೀರೆಯ ಅಂಚು.

ಕಾಯಿಲೆಯವರು ದಿನಾ ಮುಟ್ಟುವ ವಸ್ತು.

ಇವರು ಎದುರಿನ ಬೆಂಚಿನಲ್ಲಿ ಗೋಡೆ ನೋಡುತ್ತ ಕೂತಿದ್ದರು. ಗಡ್ಡ ಬಂದು ಮುಖ ಇಷ್ಟಾಗಿತ್ತು. ನನ್ನ ಕಡೆ ತಿರುಗಲೇ ಇಲ್ಲ, ತಿರುಗಿದರೆ ಎಲ್ಲಿ ಮಾತು ಬಂದುಬಿಡುತ್ತದೋ ಎಂದು. ಇಡೀ ಊರಿನ ಮುಂದೆ ಜೀಪು ಹತ್ತಿದರು. ಎರಡು ದಿನ ಇಲ್ಲಿ ಕೂತರು. ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಆ ಮಾತು ನನಗೆ ಬಡಿಯುತ್ತದೆಂದು ಆಡಲಿಲ್ಲ. ಅಷ್ಟು ಹೊತ್ತೂ ನಾನು ಇವರ ಕೋಟಿನ ಅಸ್ತರಿ ಬಿಚ್ಚುತ್ತಿದ್ದೆ.

"ಹರಕೆ ಕಟ್ಟಿದವ್ರು ಹೇಳೂ ಹಾಗಿಲ್ಲ ಸಾರ್. ಕಟ್ಟಿಸಿಕೊಂಡವ್ರು ಹೇಳ್ಬೌದು" ಎಂದರು ಶಿವಯ್ಯನವರು ಮೆಲ್ಲಗೆ. ಅವರಿಗೂ ಆಗಲೇ ಗೊತ್ತಾಗಿತ್ತು.

"ಅದು ನನಗೆ ಕಟ್ಟಿದ್ದು" ಎಂದೆ.

ಹಾಗಾದರೆ ಅದನ್ನೇ ಬರೆದುಕೊಡಿ, ಕೇಸು ಇಲ್ಲಿಗೇ ಮುಗಿಸೋಣ ಎಂದ ಸಬ್ ಇನ್‌ಸ್ಪೆಕ್ಟರ್. ಪೇದೆಯೊಬ್ಬ ಹಾಳೆ ತೆಗೆದುಕೊಂಡು ಬರೆಯತೊಡಗಿದ. ಶಿವಗಂಗಮ್ಮ, ಗಂಡನ ಹೆಸರು ರುದ್ರಪ್ಪ, ನನಗಿರುವ ಕಾಯಿಲೆ ವಾಸಿಯಾಗಲೆಂದು ನನ್ನ ಗಂಡ. ಅಲ್ಲಿಗೆ ಪೆನ್ನು ನಿಲ್ಲಿಸಿ ತಲೆಯೆತ್ತಿದ.

"ಕಾಯಿಲೆ ಏನಂತ ಬರೀಲಿ ಅಮ್ಮ?"

ಊರಿಗೆಲ್ಲ ಬಾಯಿ ಇರುವವಳು ನಾನು. ಬಿ.ಪಿ. ಎನ್ನಲೇ, ಸುಸ್ತು ಎನ್ನಲೇ ಎಂದು ಯೋಚಿಸಿದೆ. ಇವರು ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಹೆದರಿಕೆ" ಎಂದೆ.

ಪೇದೆ ತನ್ನ ಸಾಹೇಬನ ಮುಖ ನೋಡಿದ. "ಅದನ್ನೇ ಬರಿ" ಎಂದ ಸಬ್ ಇನ್‌ಸ್ಪೆಕ್ಟರ್. ಆಮೇಲೆ ಟೋಪಿ ತೆಗೆದು ಮೇಜಿನ ಮೇಲಿಟ್ಟು, "ನಮ್ಗೂ ಇದೆ ಅಮ್ಮ, ಯಾರ ಹತ್ರ ಹೇಳೋದು" ಎಂದ. ಸಹಿ ಹಾಕಿದೆ. ನನ್ನ ಸಹಿಯೇ ಬೇರೆಯವರದ್ದೆಂಬಂತೆ ಕಂಡಿತು.

ಬಾಳೂರಿನವರೆಗೆ ಬಸ್ಸು, ಅಲ್ಲಿಂದ ಜೀಪು. ಇವರು ತೋಟದ ಮಾತಾಡಿದರು, ಹಣ್ಣು ಉದುರುತ್ತಿದೆ, ಆಳು ಸಾಲುವುದಿಲ್ಲ ಎಂದರು. ಗಂಟಿನ ಮಾತು ಎತ್ತಲಿಲ್ಲ. ಅಮಾವಾಸ್ಯೆ ಇನ್ನೂ ದೂರ ಇದೆ. ಗಂಟೇ ಉಳಿದಿಲ್ಲ, ಇವರು ಇನ್ನೂ ಹರಕೆ ಹಿಡಿದೇ ಇದ್ದಾರೆ! ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಕೇಳಿದರೆ ಇವರು ಉತ್ತರ ಹೇಳಬೇಕಾದೀತೆಂದು ಸುಮ್ಮನಾದೆ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ನಾನು ಮೊದಲು ಒಳಗೆ ಹೋಗಿ ದೇವರ ದೀಪ ಹಚ್ಚಿ, ಕಾಲು ತೊಳೆಯಲು ನೀರು ತಂದೆ. ಇವರು ಚೀಲ ಹಿಡಿದು ಹೊಸ್ತಿಲ ಆಚೆ ನಿಂತಿದ್ದರು. ನಾನೇ ತುಂಬಿಕೊಂಡು ಹೋಗಿದ್ದ ಚೀಲ. ಚೊಂಬು ಕೆಳಗಿಟ್ಟೆ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ನನ್ನ ಕೈ ಆ ಚೀಲದೊಳಗೆ ಹೋಗಿ ಅಂಗಿಯ ಕೆಳಗೆ ತಡಕಾಡುತ್ತಿತ್ತು.

ಇವರು ಚೀಲವನ್ನು ಎರಡೂ ಕೈಯಿಂದ ಅಗಲಿಸಿ ಬೆಳಕಿಗೆ ಹಿಡಿದು, ನಾನು ನೋಡಿ ಮುಗಿಸುವವರೆಗೂ ಬಾಗಿಲಲ್ಲೇ ನಿಂತಿದ್ದರು.